ಗಿರಣಿ ಮಾವನ ಮಂಕುಜೋಳ

ಫೆಬ್ರವರಿ 9

ಜೀರುಂಡೆಗೆ,

ಗಿರಣಿ ಸದ್ದು ಮಾಡುತ್ತಿದೆ, ನಾನೂ ಸದ್ದು ಮಾಡುತ್ತಿದ್ದೇನೆ, ಇಬ್ಬರನ್ನೂ ಸೇರಿಸಿ ನಿನ್ನ ಅತ್ತೆ ಬೈಯುತ್ತಿದ್ದಾಳೆ. ಅಂದಮೇಲೆ ಇಲ್ಲಿ ಎಲ್ಲ ಸರಿಯಾಗಿದೆ ಎಂದು ತಿಳಿದುಕೊ.

ಹೋದ ವರ್ಷ ನೀನು ಒಂದು ಹಿಡಿ ಮುಸುಕಿನ ಜೋಳ ನನ್ನ ಕೈಗೆ ಸುರಿದು, "ಮಾವ, ನಮ್ಮ ಪ್ರಯೋಗಾಲಯದ ಹೊಲದಲ್ಲಿ ಕಟ್ಟಡ ಏಳ್ತಾ ಇದೆ. ಈ ತಳಿ ನಿನ್ನ ಗಿರಣಿ ಹಿತ್ತಿಲಲ್ಲಿ ಉಳಿದ್ರೆ ಉಳೀತು, ಇಲ್ಲಾಂದ್ರೆ ನನ್ನ ಕೆಲಸ ಅಲ್ಲಿಗೇ ಮುಗೀತು" ಎಂದು ಮುಖ ಸಣ್ಣದು ಮಾಡಿಕೊಂಡು ಹೋದೆಯಲ್ಲ, ಈಗ ನಗು. ಉಳಿದಿದೆ. ಬರೀ ಉಳಿದಿಲ್ಲ, ಎದೆಯುಬ್ಬಿಸಿ ನಿಂತಿತ್ತು. ಬೇಲಿಯಾಚೆಯ ಟೈಲರ್ ಕೂಡ ಅದೇ ಹೊತ್ತಿಗೆ ಜೋಳ ಹಾಕಿದ್ದ. ಅವನ ಗಿಡ ನನ್ನ ಗಿಡದ ಮೊಣಕಾಲಿಗೆ ನಮಸ್ಕಾರ ಮಾಡುತ್ತಿತ್ತು.

ನೀನು ಹೇಳಿದಂತೆ ತೆನೆಗಳಿಗೆಲ್ಲ ಕಾಗದದ ಟೋಪಿ ಹಾಕಿದ್ದೆ. "ಊರವರಿಗೆಲ್ಲ ಹಾಕಿದ್ದಾಯ್ತು, ಇನ್ನು ಜೋಳಕ್ಕೆ" ಎಂದು ನಿನ್ನ ಅತ್ತೆ ಹಂಗಿಸಿದಳು. ನಾನು ತಲೆಗೆ ಹಚ್ಚಿಕೊಳ್ಳಲಿಲ್ಲ.

ಹುಳು ತಿಂದದ್ದನ್ನು ತೆಗೆದು ಉಳಿದ ಕಾಳು ಕಳಿಸು ಎಂದು ನೀನು ಹೇಳಿದ್ದೆ. ಒಂದು ಡಬ್ಬಿ ಕಳಿಸಿದ್ದೇನೆ. ಚೀಲ ತುಂಬಾ ಬೆಳೆದವನು ಡಬ್ಬಿಯಷ್ಟೇ ಏಕೆ ಕಳಿಸಿದ ಎಂದು ಕೇಳಬೇಡ. ನಿನಗಾಗಿ ಒಂದು ಕೆಲಸ ಮಾಡಿದ್ದೇನೆ, ಅದನ್ನು ನಿನ್ನ ಸಂಶೋಧನೆಗೆ ದಾರಿ ತೋರಿಸುವ ಮೇಡಂ ನಿನ್ನ ಬೆನ್ನು ತಟ್ಟಿದ ದಿನ ಹೇಳುತ್ತೇನೆ. ಹುಳು ಬೀಳದಂತೆ ಬೂದಿ ಸವರಿದ್ದೇನೆ. ತೊಳೆಯಲು ಹೋಗಬೇಡ, ಹಾಗೆಯೇ ಬಿತ್ತು.

ಕ್ಷೌರದಂಗಡಿಯಲ್ಲಿ ನಿನ್ನ ಕೆಲಸ ಏನೆಂದು ಕೇಳುತ್ತಾರೆ. ಸರಿಯಾಗಿ ಬರೆದು ತಿಳಿಸು. ಏಳನೇ ಕ್ಲಾಸಿನವನಿಗೆ ಅರ್ಥವಾಗುವಂತೆ ಬರೆದರೆ ಸಾಕು, ಉಳಿದದ್ದನ್ನು ನಾನು ಸೇರಿಸಿಕೊಳ್ಳುತ್ತೇನೆ.

ನಿನ್ನ ಗಿರಣಿ ಮಾವ


ಫೆಬ್ರವರಿ 22

ಮಾವ,

ಡಬ್ಬಿ ಬಂತು. ಮುಚ್ಚಳ ತೆಗೆದ ಕೂಡಲೇ ಮೇಜೆಲ್ಲ ಬೂದಿ. ಪಕ್ಕದ ಮೇಜಿನವಳು ಸೀನುತ್ತಾ ಎದ್ದುಹೋದಳು. ಆದರೂ ಆ ಕಾಳುಗಳನ್ನು ಕಂಡು ನನಗೆ ಹೋದ ಜೀವ ಬಂದಂತಾಯಿತು. ನಮ್ಮಲ್ಲಿ ಉಳಿಸಿಟ್ಟದ್ದಕ್ಕೆ ಬೂಜು ಹಿಡಿದಿದೆ. ಈ ತಳಿ ಈಗ ಇರುವುದು ನಿನ್ನ ಹಿತ್ತಿಲಲ್ಲಿ ಮಾತ್ರ. ನೀನು ಹೇಳಿದ ಹಾಗೆ ತೊಳೆಯದೆಯೇ ಗಾಜಿನ ಮನೆಯಲ್ಲಿ ಬಿತ್ತಿಸಿದ್ದೇನೆ.

ಇನ್ನು ಕ್ಷೌರದಂಗಡಿಗೆ ಉತ್ತರ. ಸಾಮಾನ್ಯ ಜೋಳದ ಕಾಳಿನಲ್ಲಿ ಒಂದು ಪ್ರೋಟೀನ್ ಹೇರಳವಾಗಿರುತ್ತದೆ. ಹೇರಳ, ಆದರೆ ಮೈಗೆ ಹಿಡಿಯುವುದು ಅಷ್ಟಕ್ಕಷ್ಟೇ. ನಮ್ಮ ತಳಿಯಲ್ಲಿ ವಂಶದ ಗುಣ ಒಂದು ಕಡೆ ಬದಲಾಗಿದೆ. ಆ ಪ್ರೋಟೀನ್ ಇದರಲ್ಲಿ ಬಹಳ ಕಡಿಮೆ, ಮೈಗೆ ಹಿಡಿಯುವ ಬೇರೆಯವು ಹೆಚ್ಚು. ನನ್ನ ಪ್ರಶ್ನೆ ಇಷ್ಟೇ. ಕಾಳು ಇನ್ನೂ ಹಾಲುಗಾಳಾಗಿರುವಾಗ ಅದರ ತಿರುಳನ್ನು ತೆಗೆದು, ಸಕ್ಕರೆ ಉಪ್ಪು ಬೆರೆಸಿದ ನೀರಿನಲ್ಲಿಟ್ಟು, ಸೀಸೆಯಲ್ಲೇ ಆ ಜೀವಕೋಶಗಳನ್ನು ಬೆಳೆಸಿದರೆ ಅವು ಈ ಬದಲಾದ ಗುಣವನ್ನು ಉಳಿಸಿಕೊಳ್ಳುತ್ತವೆಯೇ? ಗಿಡವಿಲ್ಲ, ತೆನೆಯಿಲ್ಲ, ಬಿಸಿಲಿಲ್ಲ. ಆಗಲೂ ತಾನು ಯಾವ ತಳಿ ಎಂಬುದು ಅವಕ್ಕೆ ನೆನಪಿರುತ್ತದೆಯೇ?

ಬರುವ ವರ್ಷದ ಮಾರ್ಚಿನಲ್ಲಿ ನಮ್ಮ ಸಂಶೋಧನೆ ಪರೀಕ್ಷಿಸುವ ಸಮಿತಿಯವರು ಕೂರುತ್ತಾರೆ. ಅಷ್ಟರೊಳಗೆ ಉತ್ತರ ಸಿಗದಿದ್ದರೆ ನನ್ನ ಮೇಜು ಬೇರೆಯವರಿಗೆ. ಇದನ್ನು ಅಮ್ಮನಿಗೆ ಹೇಳಬೇಡ.

ಜೀರುಂಡೆ


ಏಪ್ರಿಲ್ 3

ಜೀರುಂಡೆಗೆ,

ನಿನ್ನ ಕಾಗದವನ್ನು ಕ್ಷೌರದಂಗಡಿಯಲ್ಲಿ ಗಟ್ಟಿಯಾಗಿ ಓದಿದೆ. ಅಮ್ಮನಿಗೆ ಹೇಳಬೇಡ ಎಂದ ಸಾಲನ್ನು ಮಾತ್ರ ನುಂಗಿಕೊಂಡೆ. ನನ್ನ ಹೊಟ್ಟೆ ದೊಡ್ಡದು, ಹೆದರಬೇಡ.

"ನಮ್ಮಕ್ಕನ ಮಗಳು ಸೀಸೇಲಿ ಜೋಳ ಬೆಳೀತಾಳೆ" ಅಂದೆ. ಕ್ಷೌರದವನು ಕತ್ತರಿ ನಿಲ್ಲಿಸಿ, "ಸೀಸೆ ಕತ್ತು ಸಣ್ಣದಲ್ವಾ? ಕೊಯ್ಯೋದು ಹೆಂಗೆ?" ಅಂದ. "ಅದನ್ನೇ ಕಣಯ್ಯಾ ಅವಳು ಇಷ್ಟು ವರ್ಷ ಓದಿರೋದು" ಅಂದೆ. ಅರ್ಧ ಗಡ್ಡ ಬಿಟ್ಟುಕೊಂಡು ಕೂತಿದ್ದ ಟೈಲರ್ ಕೂಡ ಹೌದೌದೆಂದು ತಲೆಯಾಡಿಸಿದ.

ನಿನ್ನ ಅತ್ತೆಯ ಕೋಳಿಗಳು ಈಚೆಗೆ ಹುಚ್ಚಾಪಟ್ಟೆ ಬೆಳೆಯುತ್ತಿವೆ. ಒಂದು ಹುಂಜ ಗಿರಣಿಯ ಬಾಗಿಲಿಗೇ ಬಂದು ಗಿರಾಕಿಗಳನ್ನು ಓಡಿಸುತ್ತದೆ. ಇದಕ್ಕೂ ನಾನೇ ಕಾರಣ, ಆದರೆ ಅದು ಬೇರೆ ಕಥೆ.

ನಿನ್ನ ಗಿರಣಿ ಮಾವ


ಜುಲೈ 14

ಮಾವ,

ಪ್ರಯೋಗಾಲಯದಿಂದ ಓಡಿಬಂದು ನಿಂತುಕೊಂಡೇ ಬರೆಯುತ್ತಿದ್ದೇನೆ. ಅಕ್ಷರ ವಕ್ರವಾಗಿದ್ದರೆ ಬೈಯಬೇಡ.

ಒಂದೊಂದು ಕಾಳಿನ ತಿರುಳಿಗೆ ಒಂದೊಂದು ಸೀಸೆ. ಅದರೊಳಗಿನ ಕೋಶಗಳು ಚೆನ್ನಾಗಿ ಬೆಳೆದವು, ಮೆತ್ತಗಿನ ಹಳದಿ ಗಂಟುಗಳಾಗಿ. ಅವುಗಳ ಪ್ರೋಟೀನನ್ನು ಬೇರ್ಪಡಿಸಿ ನೋಡಿದೆವು. ಒಂದು ತೆಳು ಪದರದ ಮೇಲೆ ಒಂದೊಂದು ಪ್ರೋಟೀನ್ ಒಂದೊಂದು ಗೆರೆಯಾಗಿ ನಿಲ್ಲುತ್ತದೆ. ಯಾವ ಗೆರೆ ನಮ್ಮ ತಳಿಯಲ್ಲಿ ಮಸುಕಾಗಿರಬೇಕೋ ಅದೇ ಗೆರೆ ಕಾಡಿಗೆ ತೀಡಿದಂತೆ ಕಪ್ಪಗೆ ಬಂದಿದೆ! ಅಂದರೆ ಸೀಸೆಗೆ ಬಂದ ಕೋಶ ತನ್ನ ಬದಲಾದ ಗುಣವನ್ನು ಮರೆತು ಸಾಮಾನ್ಯ ಜೋಳವಾಗಿಬಿಟ್ಟಿದೆ. ಹೀಗಾಗುತ್ತದೆಂದು ಯಾರೂ ಎಣಿಸಿರಲಿಲ್ಲ.

ಮೇಡಂ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು. "ಎಲ್ಲಾ ಸೀಸೇಲೂ ಹೀಗೇ ಇದೆಯೇನಮ್ಮಾ?" ಎಂದು ಕೇಳಿದರು. ಪ್ರತಿ ನಾಲ್ಕು ಸೀಸೆಗೆ ಒಂದರಲ್ಲಿ ಆ ಗೆರೆ ಇರಲಿಲ್ಲ. ಅವುಗಳ ಕೋಶಗಳು ಸೊರಗಿರಬೇಕು ಅನ್ನಿಸಿ ಅವನ್ನು ಆಗಲೇ ಚೆಲ್ಲಿ ತೊಳೆದಿದ್ದೆ. ಹಾಗೆಂದೇ ಹೇಳಿದೆ. ಅವರು ನನ್ನ ಬೆನ್ನು ತಟ್ಟಿದರು. ನಿಜವಾಗಿಯೂ ತಟ್ಟಿದರು, ಮಾವ. ಸೆಪ್ಟೆಂಬರಿನಲ್ಲಿ ದೊಡ್ಡ ಸಮ್ಮೇಳನವಿದೆ, ಅಲ್ಲಿ ನಾನು ಇದನ್ನು ಓದಬೇಕಂತೆ. ಹೆಸರು ಆಗಲೇ ಕೊಟ್ಟಾಗಿದೆ.

ಈಗ ಹೇಳು, ನನಗಾಗಿ ಮಾಡಿದ ಆ ಕೆಲಸ ಯಾವುದು?

ಜೀರುಂಡೆ


ಜುಲೈ 24

ನನ್ನ ಬಂಗಾರದ ಜೀರುಂಡೆಗೆ,

ಕಾಗದ ಓದಿ ಗಿರಣಿ ನಿಲ್ಲಿಸಿಬಿಟ್ಟೆ. ಸಾಲಿನಲ್ಲಿ ನಿಂತವರಿಗೆ, "ಇವತ್ತು ಹಿಟ್ಟಿಲ್ಲ, ಹೋಗಿ ಬನ್ನಿ. ನಮ್ಮನೆ ಹುಡುಗಿ ಗೆದ್ದಿದ್ದಾಳೆ" ಅಂದೆ.

ಹೇಳುತ್ತೇನೆ, ಕೇಳು. ತೆನೆ ಸುಲಿದ ಕೂಡಲೇ ಕಾಳನ್ನು ಬಿಸಿಲಿಗೆ ಹಿಡಿದು ನೋಡಿದೆ. ನಾನು ಕಾಳಿನ ಮುಖ ನೋಡಿ ಹಿಟ್ಟಿನ ಗುಣ ಹೇಳುವವನು. ಒಳ್ಳೆಯ ಕಾಳು ಗಾಜಿನಂತೆ ಹೊಳೆಯಬೇಕು. ನಿನ್ನ ಜೋಳವೋ, ಮುಕ್ಕಾಲು ಪಾಲು ಸುಣ್ಣದ ಗೋಡೆಯಂತೆ ಮಂಕು! ಉಗುರು ಒತ್ತಿದರೆ ಪುಡಿ. ಇದನ್ನು ಕಳಿಸಿದರೆ ನಿನ್ನ ಮೇಡಂ ಮುಂದೆ ನನ್ನ ಮಾನ ಇರಲಿ, ನಿನ್ನ ಮಾನ ಏನಾಗಬೇಕು? ಆದರೆ ಒಂದೊಂದು ತೆನೆಯಲ್ಲೂ ಅಲ್ಲಲ್ಲಿ ಮುತ್ತಿನಂತೆ ಹೊಳೆಯುವ ಕಾಳುಗಳಿದ್ದವು. ಮೊರ ಮುಂದಿಟ್ಟುಕೊಂಡು ಅವನ್ನು ಒಂದೊಂದಾಗಿ ನಾನೇ ಆರಿಸಿದೆ. ಆರಿಸಿದ್ದರಿಂದಲೇ ಚೀಲ ಡಬ್ಬಿಯಾದದ್ದು. ಮಂಕು ಕಾಳನ್ನೆಲ್ಲ ಕೋಳಿಗಳಿಗೆ ಹಾಕಿದೆ. ಅವು ಯಾಕೆ ಹಾಗೆ ಕೊಬ್ಬಿದವೋ ಗೊತ್ತಿಲ್ಲ, ಹೊಟ್ಟೆ ತುಂಬಾ ಸಿಕ್ಕಿದ್ದಕ್ಕಿರಬೇಕು.

ಈಗ ಗೊತ್ತಾಯಿತೇ ನಿನ್ನ ಗೆರೆ ಏಕೆ ಅಷ್ಟು ಕಪ್ಪಗೆ ಬಂತೆಂದು? ಸಮ್ಮೇಳನದಲ್ಲಿ ನನ್ನ ಹೆಸರು ಒಂದು ಸಲ ಹೇಳು. ಜೋರಾಗಿ ಹೇಳಬೇಕೆಂದೇನಿಲ್ಲ.

ನಿನ್ನ ಹೆಮ್ಮೆಯ ಗಿರಣಿ ಮಾವ


ಆಗಸ್ಟ್ 19

ಜೀರುಂಡೆಗೆ,

ತಿಂಗಳು ಕಳೆಯುತ್ತಾ ಬಂತು, ನಿನ್ನಿಂದ ಒಂದು ಸಾಲೂ ಇಲ್ಲ. ನನ್ನ ಹೆಸರು ಹೇಳು ಎಂದದ್ದು ಹೆಚ್ಚಾಯಿತೇ? ಹಾಗಾದರೆ ಬೇಡ. ಗಿರಣಿಯ ಹೆಸರಾದರೂ ಹೇಳು. ಅದೂ ಬೇಡ ಎಂದರೆ ಬಿಡು. ದೊಡ್ಡವರ ನಡುವೆ ಹಿಟ್ಟು ಮೆತ್ತಿದವನ ಹೆಸರು ಹೇಳಲು ನಾಚಿಕೆಯಾಗುತ್ತದೆ ಎಂದರೂ ನಾನು ಬೇಸರ ಮಾಡಿಕೊಳ್ಳುವವನಲ್ಲ.

ಸುಳ್ಳು. ಬೇಸರವಾಗಿದೆ. ಎರಡು ಸಾಲು ಬರೆ.

ಮಾವ


ಆಗಸ್ಟ್ 27

ಮಾವ,

ನಾಚಿಕೆಯಾದದ್ದು ನಿನ್ನ ಹೆಸರಿಗಲ್ಲ, ನನ್ನ ಕೆಲಸಕ್ಕೆ. ಏನು ಬರೆಯಬೇಕೆಂದು ತಿಳಿಯದೆ ಸುಮ್ಮನಿದ್ದೆ. ಈಗ ತಿಳಿದಿದೆ, ಕೂತು ಓದು. ಕ್ಷೌರದಂಗಡಿಯಲ್ಲಿ ಬೇಡ.

ಆ ಮಂಕು ಕಾಳೇ ನಮ್ಮ ತಳಿ. ಅದರ ಗುರುತೇ ಆ ಮಂಕು. ಹೊಳೆಯುತ್ತಿದ್ದ ಕಾಳುಗಳು ಟೈಲರನ ಜೋಳದ ಹೂಪುಡಿ, ಅಂದರೆ ಪರಾಗ, ಗಾಳಿಯಲ್ಲಿ ಬಂದು ನಮ್ಮ ತೆನೆಗೆ ಬಿದ್ದು ಆದವು. ನಿನ್ನ ಕಾಗದ ಬಂದ ದಿನ ಡಬ್ಬಿಯ ತಳದಲ್ಲಿ ಉಳಿದಿದ್ದ ಕಾಳುಗಳ ಬೂದಿ ತೊಳೆದು ದೀಪಕ್ಕೆ ಹಿಡಿದೆ. ನಮ್ಮ ತಳಿಯಾದರೆ ಬೆಳಕು ಆಚೆ ಬರಬಾರದು. ಎಲ್ಲದರಲ್ಲೂ ಬಂತು. ಬೂದಿ ಮೆತ್ತಿದ್ದರಿಂದ ಫೆಬ್ರವರಿಯಲ್ಲಿ ನನ್ನ ಕಣ್ಣಿಗೆ ಎಲ್ಲವೂ ಮಂಕಾಗಿಯೇ ಕಂಡಿದ್ದವು.

ಸೀಸೆಯ ಕೋಶ ಏನನ್ನೂ ಮರೆತಿರಲಿಲ್ಲ. ನಾನು ಹಾಕಿದ್ದೇ ಬೇರೆ ಜೋಳ.

ನಿನ್ನನ್ನು ಬೈಯೋಣವೆಂದು ಪೆನ್ನು ಹಿಡಿದೆ. ಆಗ ಚೆಲ್ಲಿದ ಸೀಸೆಗಳು ನೆನಪಾದವು. ಎರಡು ತಳಿ ಬೆರೆತ ಗಿಡದ ತೆನೆಯಲ್ಲಿ ನಾಲ್ಕರಲ್ಲಿ ಒಂದು ಕಾಳು ಹೀಗೆ ಆ ಗೆರೆಯಿಲ್ಲದೆ, ನಮ್ಮ ತಳಿಯಾಗಿಯೇ ಬರುತ್ತದೆಂಬುದು ಈ ವಿದ್ಯೆಯ ಮೊದಲ ಪಾಠ. ಅದು ನನ್ನ ಕಣ್ಣೆದುರಿಗೇ ಇತ್ತು. ಗೆರೆ ಚೆನ್ನಾಗಿ ಬಂದದ್ದನ್ನು ಇಟ್ಟುಕೊಂಡೆ, ಬಾರದ್ದನ್ನು ಚರಂಡಿಗೆ ಸುರಿದೆ. ನೀನು ಮೊರದಲ್ಲಿ ಮಾಡಿದ್ದನ್ನೇ ನಾನು ತೊಟ್ಟಿಯಲ್ಲಿ ಮಾಡಿದೆ. ಇಬ್ಬರದೂ ಒಂದೇ ರಕ್ತ, ಏನು ಮಾಡುವುದು!

ನಾಳೆ ಮೇಡಂಗೆ ಹೇಳುತ್ತೇನೆ. ಸಮ್ಮೇಳನದಿಂದ ನನ್ನ ಹೆಸರು ತೆಗೆಸುತ್ತೇನೆ. ಮೇಜನ್ನು ಮಾತ್ರ ಬಿಡುವುದಿಲ್ಲ. ಮಾರ್ಚ್ ಇನ್ನೂ ದೂರವಿದೆ.

ಇಲ್ಲಿ ಉಳಿದ ಕಾಳಿನಲ್ಲಿ ಟೈಲರನ ಜೋಳ ಬೆರೆತಿದೆ, ಅದು ಹೋಲಿಕೆಗೆ ಬಾರದು. ಮಂಕು ಕಾಳು ಒಂದಾದರೂ ಉಳಿದಿದೆಯೇ, ಮಾವ? ಚೀಲದ ಮೂಲೆಯಲ್ಲಿ, ಗಿರಣಿಯ ಸಂದಿಯಲ್ಲಿ, ಎಲ್ಲಾದರೂ?

ಜೀರುಂಡೆ


ಸೆಪ್ಟೆಂಬರ್ 2

ಜೀರುಂಡೆಗೆ,

ಚೀಲ ಕೊಡವಿದೆ. ಗಿರಣಿಯ ಹೊಟ್ಟೆ ಬಿಚ್ಚಿ ನೋಡಿದೆ. ಇಲ್ಲ. ಕೋಳಿಗಳು ಒಂದೂ ಬಿಟ್ಟಿಲ್ಲ.

ಟೋಪಿಯ ವಿಷಯವನ್ನೂ ಹೇಳಿಬಿಡುತ್ತೇನೆ. ಒಂದು ಗಾಳಿಗೆ ಅವು ಹರಿದಿದ್ದವು. ಎರಡು ದಿನ ಬಿಟ್ಟು ಹೊಸದು ಹಾಕಿದೆ. ಇಷ್ಟಕ್ಕೆಲ್ಲ ಏನಾಗುತ್ತದೆ ಎಂದುಕೊಂಡಿದ್ದೆ.

ತಲೆ ಮೇಲೆ ಕೈ ಹೊತ್ತು ಹಿತ್ತಿಲಲ್ಲಿ ಕೂತಿದ್ದಾಗ ನಿನ್ನ ಅತ್ತೆ, "ಕೂತ್ಕೊಂಡು ಏನ್ ಹುಡುಕ್ತೀರಿ? ಕೋಳಿಗೂಡಿನ ಹಿಂದೆ ಕಳೆ ಎದ್ದಿದೆ, ಅದನ್ನಾದ್ರೂ ಕೀಳಿ" ಅಂದಳು. ಕೀಳಲು ಹೋದೆ. ಕಳೆಯ ನಡುವೆ ಮೂರು ಜೋಳದ ಗಿಡ! ಕೋಳಿ ಕೆದರಿ ಮುಚ್ಚಿದ ಕಾಳು ಮೊಳೆತಿದೆ. ಅಲ್ಲಿ ನಾನು ಎರಚಿದ್ದು ಮಂಕು ಕಾಳು ಮಾತ್ರ, ಬೇರೆ ಜೋಳ ಆ ಕಡೆ ಹೋಗಿಲ್ಲ. ನನ್ನ ಎದೆಯೆತ್ತರ ಬೆಳೆದಿವೆ. ಇನ್ನೂ ತೆನೆ ಇಣುಕಿಲ್ಲ. ಟೈಲರನ ಜೋಳ ಈ ಸಲವೂ ಹೂವಿಗೆ ಬರುತ್ತಿದೆ.

ಏನು ಮಾಡಬೇಕೆಂದು ಬಿಡಿಸಿ ಬರೆ. ಚಿಕ್ಕ ಮಗುವಿಗೆ ಹೇಳಿದಂತೆ ಹೇಳು. ಈ ಸಲ ನನ್ನ ಬುದ್ಧಿ ಸೇರಿಸುವುದಿಲ್ಲ.

ಮಾವ


ಸೆಪ್ಟೆಂಬರ್ 9

ಮಾವ,

ಕಾಗದವನ್ನು ಮೇಡಂಗೆ ಓದಿ ಹೇಳಿದೆ. ಆಗಸ್ಟ್ ಕೊನೆಯಲ್ಲಿ ನಾನು ಎಲ್ಲ ಒಪ್ಪಿಸಿದಾಗ ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟಿದ್ದರು. ಆಮೇಲೆ, "ನಿನ್ನ ಬೆನ್ನು ತಟ್ಟಿದ ಕೈಗೆ ಏನು ಶಿಕ್ಷೆ ಕೊಡ್ಲಿ?" ಎಂದಿದ್ದರು. ನಿನ್ನೆ ಮೂರು ಗಿಡ ಎಂದದ್ದೇ, "ಬರೆದು ಹಾಕು, ಬೇಗ!" ಎಂದು ತಾವೇ ಲಕೋಟೆ ತಂದುಕೊಟ್ಟರು.

ತೆನೆ ಮೂಡಿದ ಕೂಡಲೇ, ರೇಷ್ಮೆಯಂಥ ಕೂದಲು ಹೊರಬರುವ ಮೊದಲೇ, ದಪ್ಪ ಕಾಗದದ ಚೀಲ ಹಾಕಿ ಬುಡ ಕಟ್ಟು. ಬಟ್ಟೆ ಬೇಡ, ಹೂಪುಡಿ ನುಸುಳುತ್ತದೆ. ಗಿಡದ ತುದಿಯಲ್ಲಿ ಬರುವ ಹೂವಿಗೂ ಒಂದು ಚೀಲ ಹಾಕು. ಕೂದಲು ಬಂದಾಗ ಬೆಳಿಗ್ಗೆ ಇಬ್ಬನಿ ಆರಿದ ಮೇಲೆ ಹೂವಿನ ಚೀಲವನ್ನು ಕೊಡವಿ, ಅದೇ ಗಿಡದ ತೆನೆಯ ಕೂದಲಿಗೆ ಆ ಪುಡಿ ಉದುರಿಸಿ ತಕ್ಷಣ ಮತ್ತೆ ಮುಚ್ಚು. ಚೀಲ ಹರಿದರೆ ಆ ಗಳಿಗೆಯಲ್ಲೇ ಬದಲಿಸು. ಉಗುರಿನಿಂದ ಚುಚ್ಚಿದರೆ ನೀರುಹಾಲು ಚಿಮ್ಮುವ ಹೊತ್ತಿಗೆ ಎರಡು ಗಿಡದ ತೆನೆಗಳು ಸಿಪ್ಪೆ ಸಮೇತ ಇಲ್ಲಿಗೆ ಬರಬೇಕು. ಒಂದು ಗಿಡ ಅಲ್ಲೇ ಬಲಿಯಲಿ.

ತೆನೆ ಬಾಡಿದರೆ ಮತ್ತೊಂದು ಅವಕಾಶವಿಲ್ಲ.

ಜೀರುಂಡೆ


ಅಕ್ಟೋಬರ್ 8

ಜೀರುಂಡೆಗೆ,

ಹಾಲು ಚಿಮ್ಮಿದೆ. ನನ್ನ ಕಣ್ಣಿಗೇ ಚಿಮ್ಮಿತು.

ಕೋಳಿಗಳನ್ನೆಲ್ಲ ಬುಟ್ಟಿಗೆ ಹಾಕಿ ನಿಮ್ಮಮ್ಮನ ಮನೆಗೆ ಸಾಗಿಸಿದ್ದೇನೆ. ನಿನ್ನ ಅತ್ತೆ ಮಾತು ಬಿಟ್ಟಿದ್ದಾಳೆ. ಮೂರು ಗಿಡಕ್ಕೂ ಊರುಗೋಲು ಕೊಟ್ಟು, ಚೀಲದ ಮೇಲೆ ಚೀಲ ಕಟ್ಟಿ, ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತೆ. ಗಾಳಿ ಬೀಸಿದಾಗಲೆಲ್ಲ ಗಿರಣಿ ನಿಲ್ಲಿಸಿ ಓಡಿಬಂದು ಬುಡದ ದಾರ ಮುಟ್ಟಿ ನೋಡಿದ್ದೇನೆ.

ಟೈಲರ್ ಬೇಲಿಯಿಂದ ಇಣುಕಿದ. "ಏನಣ್ಣಾ, ಗಿಡಕ್ಕೆಲ್ಲಾ ಅಂಗಿ ಹೊಲಿಸಿದೀಯಾ? ನನ್ ಹತ್ರ ತಂದಿದ್ರೆ ಅಳತೆ ಸರಿಯಾಗಿ ಬರ್ತಿತ್ತಲ್ಲಾ" ಅಂದ.

ಬೇರೆ ದಿನವಾಗಿದ್ದರೆ ಅವನಿಗೆ ಸರಿಯಾಗಿ ಉತ್ತರ ಕೊಡುತ್ತಿದ್ದೆ. "ನಿನ್ನ ಜೋಳದ ಹೂಪುಡಿ ನನ್ನ ಮಗಳ ಓದಿಗೆ ಬೀಳ್ತಾ ಇದೆ ಕಣೋ" ಎಂದಷ್ಟೇ ಹೇಳಿದೆ. ಅವನು ನಗಲಿಲ್ಲ. ಮಾರನೆಯ ಬೆಳಿಗ್ಗೆ ನೋಡುತ್ತೇನೆ, ಬೇಲಿಯ ಪಕ್ಕದ ಒಂದು ಸಾಲು ಗಿಡದ ಹೂವನ್ನೆಲ್ಲ ಅವನೇ ಕತ್ತರಿಸಿ ಹಾಕಿದ್ದಾನೆ. ಅವನ ಜೋಳದ ಬಗ್ಗೆ ಇನ್ನು ಏನೂ ಹೇಳುವುದಿಲ್ಲ. ಮೊಣಕಾಲಿನ ಮಾತೂ ಸುಳ್ಳೇ, ನನ್ನದರಷ್ಟೇ ಎತ್ತರವಿತ್ತು.

ತೆನೆಗಳನ್ನು ಅಂಚೆಗೆ ಕೊಡುವುದಿಲ್ಲ. ಈ ಕಾಗದ ನಿನ್ನ ಕೈಗೆ ಸೇರಲಿ ಎಂದು ನಾಲ್ಕು ದಿನ ಬಿಟ್ಟು ಕೊಯ್ದು, ಒದ್ದೆ ಬಟ್ಟೆಯಲ್ಲಿ ಸುತ್ತಿ, ಮೊದಲ ಬಸ್ಸಿಗೆ ನಾನೇ ಹೊರಡುತ್ತೇನೆ. ನಿನ್ನ ಮೇಡಂ ಮುಂದೆ ಬಾಯಿ ಬಿಡುವುದಿಲ್ಲ. ಬಾಗಿಲಲ್ಲಿ ಕೊಟ್ಟು ತಿರುಗಿ ಬಸ್ಸು ಹತ್ತುತ್ತೇನೆ.

ಮಾವ


ಮಾರ್ಚ್ 12

ಮಾವ,

ಬಾಯಿ ಬಿಡುವುದಿಲ್ಲ ಎಂದು ಬರೆದವನು ಮೇಡಂಗೆ ಊಟದ ಹೊತ್ತು ಮೀರುವವರೆಗೆ ಗಿರಣಿಯ ಚರಿತ್ರೆ ಹೇಳಿ ಹೋದೆಯಲ್ಲ, ಅವರು ಇನ್ನೂ ನೆನೆಸಿಕೊಂಡು ನಗುತ್ತಾರೆ.

ನಿನ್ನೆ ಸಮಿತಿ ಕೂತಿತ್ತು. ಒಂದು ಸೀಸೆಯನ್ನೂ ಚೆಲ್ಲಿರಲಿಲ್ಲ. ಸೊರಗಿದ್ದು, ಬಣ್ಣಗೆಟ್ಟದ್ದು, ಅರೆಬೆಳೆದದ್ದು, ಎಲ್ಲವನ್ನೂ ಇಟ್ಟುಕೊಂಡು ಎಲ್ಲದರ ಗೆರೆಗಳನ್ನೂ ತೋರಿಸಿದೆ. ಪಕ್ಕದಲ್ಲೇ ಸಾಮಾನ್ಯ ಜೋಳದ ಕೋಶಗಳ ಗೆರೆಗಳು, ಕಪ್ಪಗೆ. ನಮ್ಮ ತೆನೆಗಳ ಕೋಶಗಳಲ್ಲಿ ಆ ಜಾಗ ಹೆಚ್ಚುಕಡಿಮೆ ಖಾಲಿ. ಪ್ರತಿಯೊಂದು ಸೀಸೆಯಲ್ಲೂ. ತೆನೆ ಬಿಟ್ಟು ಬಂದರೂ ಅವು ತಮ್ಮ ಗುಣ ಬಿಟ್ಟಿಲ್ಲ.

ಸಮಿತಿಯಲ್ಲಿ ಒಬ್ಬ ಹಿರಿಯರು, "ಹೋದ ವರ್ಷ ನೀವು ಇದಕ್ಕೆ ಉಲ್ಟಾ ಹೇಳಿದ್ರಂತಲ್ಲಾ?" ಎಂದು ಕೊಕ್ಕೆ ಹಾಕಿದರು. ಡಬ್ಬಿ, ಬೂದಿ, ಮೊರ, ಚರಂಡಿ, ಒಂದನ್ನೂ ಬಿಡದೆ ಹೇಳಿದೆ. ಕೋಳಿಗಳ ಕಥೆಗೆ ಬಂದಾಗ ಅವರು ಬರೆಯುವುದನ್ನು ನಿಲ್ಲಿಸಿದರು. "ಅಂದ್ರೆ ಮೊದಲು ಗೊತ್ತಾಗಿದ್ದು ಕೋಳಿಗಳಿಗೆ" ಎಂದರು. "ಹೌದು ಸಾರ್, ಎಂಥ ಜೋಳಾಂತ ಅವಕ್ಕೆ ನಮಗಿಂತ ಮುಂಚೆ ಗೊತ್ತಿತ್ತು" ಎಂದೆ. ನಿನ್ನ ಹೆಸರನ್ನೂ ಹೇಳಿದೆ, ಮಾವ. ಜೋರಾಗಿಯೇ.

ಮೇಜು ನನ್ನದೇ. ಇನ್ನು ಮುಂದಿನ ಕೆಲಸ. ಬಲಿಯಲು ಬಿಟ್ಟ ಮೂರನೆಯ ಗಿಡದ ಕಾಳು ಕಳಿಸು.

ಜೀರುಂಡೆ


ಮಾರ್ಚ್ 20

ಜೀರುಂಡೆಗೆ,

ಕೋಳಿಗಳು ವಾಪಸು ಬಂದಿವೆ. ನಿನ್ನ ಅತ್ತೆಯ ಮಾತೂ ವಾಪಸು ಬಂದಿದೆ, ಇಷ್ಟು ತಿಂಗಳದ್ದು ಸೇರಿಸಿ. ನಿನ್ನ ಕಾಗದವನ್ನು ಕ್ಷೌರದಂಗಡಿಯಲ್ಲಿ ಓದಿದ್ದು ಈ ಸಲ ನಾನಲ್ಲ, ಟೈಲರ್. ನನ್ನ ಹೆಸರು ಬರುವ ಸಾಲನ್ನು ಎರಡು ಸಲ ಓದಿಸಿದೆ.

ಡಬ್ಬಿ ಕಳಿಸುತ್ತಿದ್ದೇನೆ. ತೆನೆ ಸುಲಿಯುವಾಗ ಹಾಳು ಕಣ್ಣು ಮತ್ತೆ ಕೆಲಸ ಶುರು ಮಾಡಿತು. ಒಂದು ಕಾಳಿಗೆ ಸೊಟ್ಟ ಮೂತಿ, ಇನ್ನೊಂದು ಗುಬ್ಬಿ ಕುಕ್ಕಿದಂತೆ ಸುಕ್ಕು. ಕೈ ಎರಡು ಸಲ ಮೊರಕ್ಕೆ ಹೋಯಿತು, ಎರಡು ಸಲವೂ ನಾನೇ ನನ್ನ ಕೈ ಹಿಡಿದು ಎಳೆದುಕೊಂಡೆ. ಕೊನೆಗೆ ನಿನ್ನ ಅತ್ತೆಯನ್ನು ಕರೆದು, "ನೀನೇ ತುಂಬು ಮಾರಾಯ್ತಿ" ಎಂದು ಗೋಡೆಯ ಕಡೆ ತಿರುಗಿ ನಿಂತೆ.

ಒಂದೂ ಆರಿಸಿಲ್ಲ. ಬೂದಿಯನ್ನೂ ಸವರಿಲ್ಲ. ದೀಪಕ್ಕೆ ಹಿಡಿದು ನೋಡು, ಕತ್ತಲೆ ಗವ್ವೆನ್ನುತ್ತದೆ.

ನಿನ್ನ ಗಿರಣಿ ಮಾವ